ಮೇಷ್ಟ್ರು ಧ್ರುವಕ್ಕೆ ಹೋಗಿ ಬಂದರೆ ತರಗತಿಗೆ ಏನು ಸಿಗುತ್ತೆ?

ಹೋದ ಸಂಚಿಕೆಯಲ್ಲಿ, ವಿಜ್ಞಾನಿಗಳ ಜೊತೆ ಧ್ರುವ ಪ್ರದೇಶಕ್ಕೆ ಹೋಗಿ ಬರುವ ಶಾಲಾ ಶಿಕ್ಷಕರ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅಮೆರಿಕದಲ್ಲಿ 2007ರ ಹೊತ್ತಿಗೆ, ಅಂದರೆ ಹಲವು ದೇಶಗಳು ಸೇರಿ ಧ್ರುವಗಳನ್ನು ಅಧ್ಯಯನ ಮಾಡಿದ ಅಂತರರಾಷ್ಟ್ರೀಯ ಧ್ರುವ ವರ್ಷ ನಡೆಯುತ್ತಿದ್ದಾಗ, ಪೋಲಾರ್‌ಟ್ರೆಕ್ ಅನ್ನುವ ಕಾರ್ಯಕ್ರಮ ಶುರುವಾಯಿತು. ಆಯ್ಕೆಯಾದ ಶಿಕ್ಷಕರು ಕೆಲವು ವಾರ ಸಂಶೋಧಕರ ತಂಡದಲ್ಲಿ ಒಬ್ಬರಾಗಿ ಕೆಲಸ ಮಾಡುತ್ತಿದ್ದರು, ಅಲ್ಲಿಂದಲೇ ದಿನಚರಿ ಬರೆಯುತ್ತಿದ್ದರು, ತಮ್ಮ ಮಕ್ಕಳ ಜೊತೆ ನೇರವಾಗಿ ಮಾತಾಡುತ್ತಿದ್ದರು, ವಾಪಸ್ ಬಂದು ಅದನ್ನು ಪಾಠ ಮಾಡುತ್ತಿದ್ದರು. ಇಷ್ಟು ಬರೆದದ್ದಕ್ಕೆ ಬಂದ ಪತ್ರಗಳು ನೋಡಿ ಖುಷಿಯಾಯಿತು. ಎಲ್ಲಕ್ಕೂ ಉತ್ತರ ಬರೆಯಲು ಜಾಗ ಸಾಲದು, ಕೆಲವನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ವಿಜ್ಞಾನಿಗಳೇ ಶಾಲೆಗೆ ಬಂದು ಹೇಳಬಹುದಲ್ವಾ? ನಡುವೆ ಶಿಕ್ಷಕರು ಯಾಕೆ ಬೇಕು?
— ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ

ಹೇಳಬಹುದು ಮೇಡಂ, ಎಷ್ಟೋ ಜನ ಹೇಳುತ್ತಲೂ ಇದ್ದಾರೆ. ಆದರೆ ಇಪ್ಪತ್ತು ವರ್ಷ ಅದೇ ಕೆಲಸ ಮಾಡಿದವರಿಗೆ, ಹೊಸಬರು ಎಲ್ಲಿ ಎಡವುತ್ತಾರೆ ಅನ್ನುವುದು ಮರೆತುಹೋಗಿರುತ್ತದೆ. ಶಿಕ್ಷಕರಿಗೆ ಅದೇ ಕಸುಬು. ಯಾವ ಮಾತಿಗೆ ಹಿಂದಿನ ಬೆಂಚಿನ ಹುಡುಗ ಹುಬ್ಬು ಗಂಟಿಕ್ಕುತ್ತಾನೆ ಅಂತ ಅವರಿಗೆ ಅಲ್ಲಿ ನಿಂತಾಗಲೇ ಗೊತ್ತಾಗುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ಅಲಾಸ್ಕಾದ ಉತ್ತರ ತುದಿಯ ಕಡೆ ಟೂಲಿಕ್ ಅಂತ ಒಂದು ಸಂಶೋಧನಾ ಕೇಂದ್ರ ಇದೆ, 1975ರಿಂದ ನಡೆಯುತ್ತಿದೆ. ಅಲ್ಲಿ ನೆಲದಡಿ ವರ್ಷಪೂರ್ತಿ ಹೆಪ್ಪುಗಟ್ಟಿದ ಮಣ್ಣು, ಅದಕ್ಕೆ ಪರ್ಮಾಫ್ರಾಸ್ಟ್ ಅನ್ನುತ್ತಾರೆ. ಬೇಸಿಗೆಯಲ್ಲಿ ಮೇಲಿನ ಸ್ವಲ್ಪ ಪದರ ಮಾತ್ರ ಕರಗುತ್ತದೆ. ಎಷ್ಟು ಆಳ ಕರಗಿದೆ ಅಂತ ನೋಡಲು ಬಳಸುವ ಸಾಧನ ಏನು ಗೊತ್ತಾ? ಒಂದು ಉಕ್ಕಿನ ಸರಳು, ಅಷ್ಟೇ. ಕೈಯಿಂದ ನೆಲಕ್ಕೆ ಒತ್ತುತ್ತಾ ಹೋಗಬೇಕು. ಮೆತ್ತಗಿನ ಮಣ್ಣಲ್ಲಿ ಸರಾಗವಾಗಿ ಇಳಿಯುತ್ತದೆ, ಆಮೇಲೆ ಟಕ್ ಅಂತ ಗಟ್ಟಿ ನೆಲಕ್ಕೆ ತಾಗಿ ನಿಲ್ಲುತ್ತದೆ. ಅಲ್ಲಿಗೆ ಬೆರಳಿಟ್ಟು ಹಿಡಿದು, ಸರಳು ಎಳೆದು, ಎಷ್ಟು ಸೆಂಟಿಮೀಟರ್ ಅಂತ ಬರೆದುಕೊಳ್ಳಬೇಕು. ನಾಲ್ಕು ಹೆಜ್ಜೆ ಮುಂದೆ ಹೋಗಿ ಮತ್ತೆ ಅದೇ. ಒದ್ದೆ ನೆಲ, ಮುಖದ ಸುತ್ತ ಸೊಳ್ಳೆಗಳ ಮೋಡ, ಬೆನ್ನು ಬಗ್ಗಿ ಬಗ್ಗಿ ನೋವು, ಆದರೂ ಲೆಕ್ಕ ತಪ್ಪಬಾರದು. ಇಷ್ಟೆಲ್ಲ ಮಾಡಿದ ಮೇಲೆ ಸಂಶೋಧನಾ ಲೇಖನದಲ್ಲಿ ಕಾಣುವುದು ಗ್ರಾಫಿನ ಮೇಲೆ ಒಂದು ಚುಕ್ಕೆ.

ವಿಜ್ಞಾನಿ ಆ ಚುಕ್ಕೆಯನ್ನು ತೋರಿಸುತ್ತಾರೆ. ಶಿಕ್ಷಕಿ ಆ ಸರಳನ್ನು ಮಕ್ಕಳ ಕೈಗೆ ಕೊಡುತ್ತಾಳೆ. ನಾನು ಪಾಠ ಮಾಡುತ್ತಿದ್ದಾಗ ಇದನ್ನೇ ಚಿಕ್ಕದಾಗಿ ಮಾಡಿದ್ದೆ. ಟ್ರೇಯಲ್ಲಿ ಒದ್ದೆ ಮರಳು ತುಂಬಿ ಫ್ರೀಜರಲ್ಲಿ ಇಟ್ಟು, ಹೊರಗೆ ತೆಗೆದು, ಮೇಲಿನ ಪದರ ಸ್ವಲ್ಪ ಕರಗುವವರೆಗೂ ಬಿಟ್ಟು, ಸ್ವೆಟರ್ ಹೆಣೆಯುವ ಕಡ್ಡಿ ಕೊಟ್ಟು ಅಳೆಯಿರಿ ಅಂದೆ. ಒಬ್ಬಳಿಗೆ 2 ಸೆಂಟಿಮೀಟರ್ ಬಂತು, ಪಕ್ಕದವನಿಗೆ 3 ಬಂತು, ಮೂಲೆಯಲ್ಲಿ ಅಳೆದವನಿಗೆ 5 ಬಂತು. "ಇದರಲ್ಲಿ ಯಾರದು ಸರಿ?" ಅಂತ ಜಗಳ ಶುರುವಾಯಿತು. ಎಲ್ಲರದೂ ಸರಿ ಅಂತ ಒಪ್ಪಿಕೊಳ್ಳಲು ಅರ್ಧ ಗಂಟೆ ಬೇಕಾಯಿತು. ಸರಾಸರಿ ಯಾಕೆ ತೆಗೆಯುತ್ತೇವೆ ಅಂತ ಅವತ್ತು ನಾನು ಬಾಯಿಬಿಟ್ಟು ಹೇಳಬೇಕಾಗಲೇ ಇಲ್ಲ.

ಪ್ರಶ್ನೆ: ಅಲ್ಲಿಗೆ ಹೋದವರು ಪೆಂಗ್ವಿನ್ ಮುಟ್ಟಬಹುದಾ? ಹಿಮಕರಡಿ ಪೆಂಗ್ವಿನ್‌ಗಳನ್ನು ತಿನ್ನಲ್ವಾ?
— ಏಳನೇ ತರಗತಿ ವಿದ್ಯಾರ್ಥಿ

ತಿನ್ನಲ್ಲ ಪುಟ್ಟಾ, ಯಾಕಂದ್ರೆ ಅವು ಒಂದನ್ನೊಂದು ನೋಡಿಯೇ ಇಲ್ಲ. ಹಿಮಕರಡಿ ಇರುವುದು ಉತ್ತರದ ಆರ್ಕ್ಟಿಕ್‌ನಲ್ಲಿ, ಅಂಟಾರ್ಕ್ಟಿಕಾದ ಪೆಂಗ್ವಿನ್ ಭೂಮಿಯ ಆ ತುದಿಯಲ್ಲಿ. ಮುಟ್ಟುವುದಂತೂ ಆಗಲ್ಲ. ಸಂಶೋಧನೆಗೆ ಅನುಮತಿ ಪಡೆದವರು ಮಾತ್ರ ಅವನ್ನು ಹಿಡಿಯಬಹುದು. ಅದೇ ಪೆಂಗ್ವಿನ್ ಕುತೂಹಲದಿಂದ ನಿನ್ನ ಹತ್ತಿರ ಬಂದರೆ ಸುಮ್ನೆ ನಿಂತಿರಬೇಕು. ಅಂಟಾರ್ಕ್ಟಿಕಾ ಒಪ್ಪಂದಕ್ಕೆ ಸಹಿ ಬಿದ್ದದ್ದು 1959ರಲ್ಲಿ, ಅಲ್ಲಿನ ಪರಿಸರ ಕಾಪಾಡುವ ನಿಯಮಗಳ ಒಪ್ಪಂದ ಆದದ್ದು 1991ರಲ್ಲಿ. ಹೊರಗಿನ ಪ್ರಾಣಿಗಳು ಬೇಡ ಅಂತ ಹೇಳಿ, ಒಂದು ಕಾಲದಲ್ಲಿ ಸ್ಲೆಡ್ಜ್ ಎಳೆಯುತ್ತಿದ್ದ ನಾಯಿಗಳನ್ನೂ 1994ರ ಹೊತ್ತಿಗೆ ವಾಪಸ್ ಕಳಿಸಿದರು. ಡ್ರೈ ವ್ಯಾಲಿ ಅನ್ನುವ ಕಡೆ ಟೆಂಟ್ ಹಾಕಿದವರು ಮೂತ್ರವನ್ನೂ ಬಾಟಲಿಯಲ್ಲಿ ಹಿಡಿದು ವಾಪಸ್ ತರಬೇಕು. ನೆಲದ ಮೇಲೆ ಏನೂ ಚೆಲ್ಲುವ ಹಾಗಿಲ್ಲ. ನಿಮ್ಮ ತರಗತಿಯಲ್ಲಿ ಇದನ್ನು ಹೇಳು, ಎಲ್ಲರೂ ಮೊದಲು ನಗುತ್ತಾರೆ, ಆಮೇಲೆ ಯಾಕೆ ಅಂತ ಕೇಳುತ್ತಾರೆ. ಆಗ ಹೇಳು: ಅಲ್ಲಿ ಚಳಿ, ಒಣಗಾಳಿ ಎಷ್ಟು ಅಂದ್ರೆ ಒಮ್ಮೆ ಚೆಲ್ಲಿದ್ದು ಬೇಗ ಕೊಳೆತು ಮಣ್ಣಾಗಲ್ಲ, ವರ್ಷಗಟ್ಟಲೆ ಹಾಗೇ ಉಳಿಯುತ್ತೆ.

ಪ್ರಶ್ನೆ: ನೇರವಾಗಿ ಕೇಳುತ್ತೇನೆ. ಇದು ಜನರ ದುಡ್ಡಲ್ಲಿ ಪ್ರವಾಸ ತಾನೇ?
— ನಿವೃತ್ತ ಬ್ಯಾಂಕ್ ನೌಕರರು

ಕೇಳಬೇಕಾದ ಪ್ರಶ್ನೆಯೇ ಸರ್. ಹಣ ಸರ್ಕಾರದ್ದು, ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಶನ್ ಮೂಲಕ ಬರುವುದು. ಹಾಗಾಗಿ ಲೆಕ್ಕ ಕೇಳುವ ಹಕ್ಕು ಜನರಿಗೆ ಇದ್ದೇ ಇದೆ.

ಮೊದಲು ಅಲ್ಲಿ ಹೇಗಿರುತ್ತದೆ ನೋಡಿ. ಅಂಟಾರ್ಕ್ಟಿಕಾದ ಮೆಕ್‌ಮರ್ಡೊ ಸ್ಟೇಷನ್‌ಗೆ ಹೋಗುವವರು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಿಂದ ವಿಮಾನ ಹತ್ತುತ್ತಾರೆ. ಹೊರಡುವ ಮೊದಲೇ ವೈದ್ಯಕೀಯ ತಪಾಸಣೆ, ಹಲ್ಲಿನ ತಪಾಸಣೆ ಕೂಡ, ಯಾಕಂದ್ರೆ ಅಲ್ಲಿ ಹಲ್ಲುನೋವು ಬಂದರೆ ಪಕ್ಕದ ಬೀದಿಯಲ್ಲಿ ಡಾಕ್ಟರ್ ಸಿಗಲ್ಲ. ವಿಮಾನ ಅರ್ಧ ದಾರಿ ಹೋಗಿ, ಅಲ್ಲಿ ಹವಾಮಾನ ಕೆಟ್ಟಿತು ಅಂತ ತಿರುಗಿ ಬರುವುದೂ ಉಂಟು. ಅದಕ್ಕೆ ಅವರು ಬೂಮರಾಂಗ್ ಅಂತಲೇ ಹೆಸರಿಟ್ಟಿದ್ದಾರೆ. ಗಂಟೆಗಟ್ಟಲೆ ಕೂತು, ಹೊರಟ ಜಾಗಕ್ಕೇ ಬಂದಿಳಿದು, ಮರುದಿನ ಮತ್ತೆ ಅದೇ ದಪ್ಪ ಬಟ್ಟೆ ಹಾಕಿಕೊಂಡು ಸಾಲಲ್ಲಿ ನಿಲ್ಲಬೇಕು.

ತಲುಪಿದ ಮೇಲೆ ಹಿಮದಲ್ಲಿ ಬದುಕುವ ತರಬೇತಿ. ಅದರಲ್ಲಿ ಒಂದು ಅಭ್ಯಾಸ ನನಗೆ ತುಂಬಾ ಇಷ್ಟ. ಬಿರುಗಾಳಿಗೆ ಹಿಮ ಎದ್ದು ಎದುರಿಗೆ ಏನೂ ಕಾಣದ ಸ್ಥಿತಿ ಹೇಗಿರುತ್ತೆ ಅಂತ ತಿಳಿಯಲು ಎಲ್ಲರೂ ತಲೆಗೆ ಬಿಳಿ ಬಕೆಟ್ ಕವುಚಿಕೊಳ್ಳುತ್ತಾರೆ. ಕಣ್ಣೆದುರು ಬರೀ ಬಿಳಿ. ಕಿವಿಗೂ ಸರಿಯಾಗಿ ಕೇಳಲ್ಲ. ಒಂದೇ ಹಗ್ಗವನ್ನು ಎಲ್ಲರೂ ಹಿಡಿದುಕೊಂಡು, ಹೊರಗೆ ಎಲ್ಲೋ ಕಳೆದುಹೋದ ಒಬ್ಬರನ್ನು ಹುಡುಕಬೇಕು. ಆ ಮನುಷ್ಯ ಕೆಲವೇ ಹೆಜ್ಜೆ ದೂರದಲ್ಲಿ ಕೂತಿರುತ್ತಾರೆ, ತಂಡ ಪಕ್ಕದಲ್ಲೇ ಹಾದುಹೋಗಿಬಿಡುತ್ತದೆ! ಹಗ್ಗ ಎಳೆದದ್ದಕ್ಕೆ ಒಬ್ಬೊಬ್ಬರು ಒಂದೊಂದು ಅರ್ಥ ಮಾಡಿಕೊಂಡು ಬೇರೆ ಬೇರೆ ದಿಕ್ಕಿಗೆ ತಿರುಗುತ್ತಾರೆ. ಮೊದಲೇ ಕೂತು ಮಾತಾಡಿಕೊಳ್ಳದಿದ್ದರೆ ಏನಾಗುತ್ತೆ ಅಂತ ಇದಕ್ಕಿಂತ ಚೆನ್ನಾಗಿ ಯಾವ ಪಾಠವೂ ಹೇಳಲ್ಲ. ಮಕ್ಕಳಿಗೆ ಕಣ್ಣಿಗೆ ಬಟ್ಟೆ ಕಟ್ಟಿ ಮೈದಾನದಲ್ಲಿ ಮಾಡಿಸಬಹುದು.

ಆಮೇಲೆ ಕೆಲಸ. ಬಾಟಲಿಗೆ ಚೀಟಿ ಅಂಟಿಸುವುದು, ಸಾಮಾನು ಹೊರುವುದು, ಉಪಕರಣ ಒರೆಸುವುದು, ಓದಿ ಹೇಳಿದ ಅಂಕಿ ಬರೆದುಕೊಳ್ಳುವುದು. ತಂಡದಲ್ಲಿ ಯಾರೂ ನೋಡುತ್ತಾ ನಿಲ್ಲುವಂತಿಲ್ಲ.

ನನ್ನ ಅಭಿಪ್ರಾಯ ಇಷ್ಟು ಸರ್. ಹೋಗಿ ಬಂದವರು ಸಭೆಯಲ್ಲಿ ಕೆಂಪು ಕೋಟು ಹಾಕಿಕೊಂಡ ತಮ್ಮ ಫೋಟೊಗಳನ್ನು ತೋರಿಸಿ ಚಪ್ಪಾಳೆ ತಗೊಂಡು ಮುಗಿಸಿದರೆ ನಿಮ್ಮ ಆಕ್ಷೇಪ ನೂರಕ್ಕೆ ನೂರು ಸರಿ. ಒಂದು ವರ್ಷ ಆದ ಮೇಲೆ ಅವರ ಮಕ್ಕಳಿಗೆ ಒಂದು ಗ್ರಾಫ್ ಕೊಟ್ಟಾಗ "ಇದನ್ನು ಎಲ್ಲಿ ಅಳೆದರು, ಎಷ್ಟು ಸಲ ಅಳೆದರು" ಅಂತ ಕೇಳುವ ಅಭ್ಯಾಸ ಬಂದಿದ್ದರೆ ಆ ದುಡ್ಡು ಸಾರ್ಥಕ. ಪಕ್ಕದ ಶಾಲೆಗೂ, ಗ್ರಂಥಾಲಯಕ್ಕೂ, ಹಿರಿಯರ ಕೂಟಕ್ಕೂ ಹೋಗಿ ಹೇಳಿದರೆ ಇನ್ನೂ ಒಳ್ಳೆಯದು. ನೀವು ಇರುವ ಕೂಟಕ್ಕೇ ಕರೆಸಿ, ಇದೇ ಪ್ರಶ್ನೆ ಕೇಳಿ.

ಪ್ರಶ್ನೆ: ಅಷ್ಟು ದೂರದಿಂದ ತರಗತಿಗೆ ವಿಡಿಯೊ ಕಾಲ್ ಮಾಡಲು ಇಂಟರ್ನೆಟ್ ಸಿಗುತ್ತಾ?
— ಕಾಲೇಜು ವಿದ್ಯಾರ್ಥಿ

ಜಾಗದ ಮೇಲೆ ಹೋಗುತ್ತದೆ. ಭೂಮಧ್ಯರೇಖೆಯ ಮೇಲೆ ಒಂದೇ ಕಡೆ ನಿಂತಂತೆ ಕಾಣುವ ಸಂಪರ್ಕ ಉಪಗ್ರಹಗಳು ದಕ್ಷಿಣ ಧ್ರುವದಿಂದ ಕಾಣುವುದೇ ಇಲ್ಲ, ದಿಗಂತದ ಕೆಳಗೆ ಉಳಿದುಬಿಡುತ್ತವೆ. ಹಾಗಾಗಿ ಅಲ್ಲಿನವರು ಕಕ್ಷೆ ಸ್ವಲ್ಪ ಓರೆಯಾದ ಹಳೆಯ ಉಪಗ್ರಹಗಳು ಮೇಲೆ ಬಂದಾಗ, ದಿನಕ್ಕೆ ಕೆಲವು ಗಂಟೆ ಮಾತ್ರ ಸಂಪರ್ಕ ಪಡೆಯುತ್ತಾ ಬಂದಿದ್ದಾರೆ. ಉತ್ತರದಲ್ಲಿ, ನಾರ್ವೆಗೆ ಸೇರಿದ ಸ್ವಾಲ್‌ಬಾರ್ಡ್ ದ್ವೀಪಗಳಲ್ಲಿರುವ ನೀ-ಓಲೆಸುಂಡ್ ಅನ್ನುವ ಸಂಶೋಧನಾ ಊರಿನ ಕಥೆ ಬೇರೆ. ಹತ್ತಾರು ದೇಶಗಳ ಸಂಶೋಧಕರು ಅಲ್ಲಿದ್ದಾರೆ, ಭಾರತದ ಹಿಮಾದ್ರಿ ಕೇಂದ್ರವೂ 2008ರಿಂದ ಅಲ್ಲೇ ಇದೆ. ಅಲ್ಲಿ ವೈ-ಫೈ, ಬ್ಲೂಟೂತ್ ಎರಡನ್ನೂ ಆಫ್ ಮಾಡಿಡಬೇಕು. ದೂರದ ಆಕಾಶಕಾಯಗಳಿಂದ ಬರುವ ತೀರಾ ಸಣ್ಣ ರೇಡಿಯೊ ಅಲೆಗಳನ್ನು ಅಲ್ಲಿನ ದೊಡ್ಡ ಆಂಟೆನಾಗಳು ಕೇಳಿಸಿಕೊಳ್ಳುತ್ತಿರುತ್ತವೆ, ಜೇಬಿನ ಫೋನ್ ಅದಕ್ಕೆ ಅಡ್ಡಿ. ತಂತಿ ಮೂಲಕ ಇಂಟರ್ನೆಟ್ ಇದೆ. ಮಕ್ಕಳ ಪ್ರಶ್ನೆಗೆ ಉತ್ತರ ಎರಡು ದಿನ ತಡವಾಗಿ ಬಂದರೆ ಬರಲಿ ಬಿಡಿ. ಆ ಎರಡು ದಿನ ಅವರು ಅದರ ಬಗ್ಗೆಯೇ ಮಾತಾಡುತ್ತಿರುತ್ತಾರೆ.

ಪ್ರಶ್ನೆ: ನಮ್ಮ ಮಕ್ಕಳು ಹಿಮವನ್ನೇ ಕಂಡಿಲ್ಲ. ನಾನೂ ಎಲ್ಲಿಗೂ ಹೋಗಿಲ್ಲ. ಧ್ರುವದ ಸಂಶೋಧನೆಯನ್ನು ಹೇಗೆ ಪಾಠ ಮಾಡಲಿ?
— ಪ್ರಾಥಮಿಕ ಶಾಲೆಯ ಶಿಕ್ಷಕ

ಎರಡು ಗಾಜಿನ ಲೋಟ ಸಾಕು ಮೇಷ್ಟ್ರೇ. ಒಂದರಲ್ಲಿ ನೀರು ಹಾಕಿ ಐಸ್ ತುಂಡು ತೇಲಿಬಿಡಿ. ಇನ್ನೊಂದರಲ್ಲಿ ನೀರಿನ ಮೇಲೆ ತಲೆ ಎತ್ತುವಷ್ಟು ದೊಡ್ಡ ಕಲ್ಲು ಇಟ್ಟು, ಆ ಕಲ್ಲಿನ ಮೇಲೆ ಐಸ್ ಇಡಿ. ಎರಡರಲ್ಲೂ ನೀರಿನ ಮಟ್ಟಕ್ಕೆ ಪೆನ್ನಿಂದ ಗೆರೆ ಎಳೆಯಿರಿ. ಮಕ್ಕಳು ಮೊದಲು ಊಹಿಸಿ ಬರೆಯಲಿ, ಆಮೇಲೆ ಕಾಯಿರಿ. ತೇಲುತ್ತಿದ್ದ ಐಸ್ ಕರಗಿದಾಗ ನೀರು ಗೆರೆಯಲ್ಲೇ ಇರುತ್ತದೆ. ಕಲ್ಲಿನ ಮೇಲಿದ್ದದ್ದು ಕರಗಿದರೆ ಗೆರೆ ದಾಟುತ್ತದೆ. ಆರ್ಕ್ಟಿಕ್ ಸಾಗರದ ಮೇಲಿನ ಹಿಮ ಮೊದಲನೇ ಲೋಟ, ಗ್ರೀನ್‌ಲ್ಯಾಂಡ್ ಮತ್ತು ಅಂಟಾರ್ಕ್ಟಿಕಾ ಎರಡನೇ ಲೋಟ.

ಒಂದು ವಿಷಯ ಹೇಳಿಕೊಳ್ಳಬೇಕು. ಆರ್ಕ್ಟಿಕ್‌ನ ತೇಲುವ ಹಿಮ ಕರಗಿ ಸಮುದ್ರ ಏರುತ್ತದೆ ಅಂತ ನಾನು ಎಷ್ಟೋ ವರ್ಷ ತಪ್ಪಾಗಿ ಕಲಿಸಿದ್ದೆ. ಒಬ್ಬ ಹುಡುಗಿ ಮನೆಯಲ್ಲಿ ಲೋಟದಲ್ಲಿ ಮಾಡಿ ನೋಡಿ, ಮರುದಿನ "ಏರಲಿಲ್ಲ ಸರ್" ಅಂದಳು. ಅವಳ ಮುಂದೆಯೇ ಮತ್ತೆ ಮಾಡಿ ನೋಡಿದೆ. ಏರಲಿಲ್ಲ. ಆ ತರಗತಿಗೆ ನಾನು ತಪ್ಪೊಪ್ಪಿಕೊಂಡು ಪಾಠ ತಿದ್ದಿದೆ.

ಮುಂದಿನ ಪ್ರಶ್ನೆ ಮಕ್ಕಳೇ ಕೇಳುತ್ತಾರೆ: ಹಾಗಾದ್ರೆ ಆರ್ಕ್ಟಿಕ್ ಹಿಮ ಕರಗಿದರೆ ಏನೂ ತೊಂದರೆ ಇಲ್ವಾ? ಇದೆ. ಬಿಳಿ ಹಿಮ ಬಿಸಿಲನ್ನು ವಾಪಸ್ ಕಳಿಸುತ್ತದೆ, ಅದು ಹೋದ ಮೇಲೆ ಕಾಣುವ ಕಪ್ಪು ನೀರು ಬಿಸಿಲನ್ನು ಹೀರಿಕೊಳ್ಳುತ್ತದೆ. ಒಂದು ಬಿಳಿ ಕಾಗದ, ಒಂದು ಕಪ್ಪು ಕಾಗದ, ಎರಡರ ಕೆಳಗೂ ಥರ್ಮಾಮೀಟರ್ ಇಟ್ಟು ಬಿಸಿಲಿಗೆ ಬಿಡಿ, ಸಾಕು.

ಇನ್ನೊಂದು ತುಂಬಾ ಚೆಂದದ ಕೆಲಸ ಇದೆ. ಸಂಶೋಧನಾ ಹಡಗಿಗೆ ಹೋಗುವ ಶಿಕ್ಷಕರು ಮಕ್ಕಳು ಬಣ್ಣ ಬಳಿದ ಥರ್ಮೋಕೋಲ್ ಲೋಟಗಳನ್ನು ತಗೊಂಡು ಹೋಗುತ್ತಾರೆ. ಸಮುದ್ರದ ಆಳಕ್ಕೆ ಇಳಿಸುವ ಉಪಕರಣದ ಜೊತೆ ಅವನ್ನು ಬಲೆಚೀಲದಲ್ಲಿ ಕಟ್ಟಿ ಇಳಿಸುತ್ತಾರೆ. ಪ್ರತಿ 10 ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಜಾಸ್ತಿಯಾಗುತ್ತಾ ಹೋಗುತ್ತದೆ. ಲೋಟದೊಳಗಿನ ಗಾಳಿಗುಳ್ಳೆಗಳೆಲ್ಲ ಅಮುಕಿ, ಮೇಲೆ ಬಂದಾಗ ಅದು ಹೆಬ್ಬೆರಳಿಗೆ ಹಾಕುವ ಟೋಪಿಯಷ್ಟಾಗಿರುತ್ತದೆ. ಮಗು ಬರೆದ ಹೆಸರು, ಹೂವು, ಎಲ್ಲವೂ ಹಾಗೇ, ಆದರೆ ಪುಟ್ಟದಾಗಿ, ಬಣ್ಣ ಇನ್ನೂ ಗಾಢವಾಗಿ. ತಾನು ಬರೆದದ್ದೇ ಸಮುದ್ರದ ತಳದ ಕಡೆ ಹೋಗಿ ಬಂತು ಅಂತ ಅಂಗೈಯಲ್ಲಿ ಇಟ್ಟುಕೊಂಡು ನೋಡುವ ಮಗುವಿಗೆ ಒತ್ತಡ ಅಂದರೇನು ಅಂತ ಬಿಡಿಸಿ ಹೇಳಬೇಕಾ?

ಶಿಕ್ಷಕರು ಹೋಗದೆಯೂ ತರಗತಿ ಸೇರಿಕೊಳ್ಳುವ ದಾರಿ ಇದೆ. ಅಂಟಾರ್ಕ್ಟಿಕಾ ಸುತ್ತಲಿನ ದಕ್ಷಿಣ ಸಾಗರದಲ್ಲಿ ಸ್ವಯಂಚಾಲಿತ ತೇಲುಯಂತ್ರಗಳನ್ನು ಬಿಡುವ ಸಾಕಮ್ ಅನ್ನುವ ಯೋಜನೆ 2014ರಲ್ಲಿ ಶುರುವಾಯಿತು. ಅದರಲ್ಲಿ ಶಾಲೆಗಳು ಒಂದೊಂದು ಯಂತ್ರವನ್ನು ದತ್ತು ತಗೊಂಡು ಹೆಸರಿಡುತ್ತವೆ. ಆ ಹೆಸರನ್ನು ಯಂತ್ರದ ಮೇಲೆ ಬರೆದೇ ನೀರಿಗೆ ಬಿಡುತ್ತಾರೆ. ಅದು ಆಳಕ್ಕೆ ಮುಳುಗಿ, ಹತ್ತು ದಿನಕ್ಕೊಮ್ಮೆ ಮೇಲೆ ಬರುತ್ತಾ ನೀರಿನ ಉಷ್ಣತೆ, ಉಪ್ಪು, ಆಮ್ಲಜನಕ ಅಳೆದು ಉಪಗ್ರಹದ ಮೂಲಕ ಕಳಿಸುತ್ತದೆ. ಈ ಅಂಕಿಗಳು ಎಲ್ಲರಿಗೂ ಉಚಿತ. ಮಕ್ಕಳು ನಕ್ಷೆಯ ಮೇಲೆ "ನಮ್ಮದು ಇವತ್ತು ಎಲ್ಲಿದೆ" ಅಂತ ಗುರುತು ಹಾಕಬಹುದು.

ಪ್ರಶ್ನೆ: ಆರ್ಕ್ಟಿಕ್‌ನಲ್ಲಿ ಜನ ವಾಸವಿದ್ದಾರಲ್ಲ, ಅವರಿಗೆ ಈ ಸಂಶೋಧನೆಯಿಂದ ಏನು ಸಿಗುತ್ತದೆ? ಅವರಿಗೆ ಯಾರು ಹೇಳುತ್ತಾರೆ?
— ಸಮಾಜ ವಿಜ್ಞಾನ ಉಪನ್ಯಾಸಕಿ

ಈ ಪ್ರಶ್ನೆ ಕೇಳಿದ್ದಕ್ಕೆ ಥ್ಯಾಂಕ್ಸ್ ಮೇಡಂ. ಇದನ್ನು ತುಂಬಾ ಜನ ಮರೆಯುತ್ತಾರೆ. ಆರ್ಕ್ಟಿಕ್‌ನಲ್ಲಿ ಸುಮಾರು 40 ಲಕ್ಷ ಜನ ಇದ್ದಾರೆ. ಅವರಲ್ಲಿ ಇನುಯಿಟ್, ಸಾಮಿಯಂಥ ಮೂಲನಿವಾಸಿಗಳು ಸಾವಿರಾರು ವರ್ಷಗಳಿಂದ ಅಲ್ಲಿಯವರು.

ಅಲಾಸ್ಕಾದ ಉತ್ತರ ಕರಾವಳಿಯಲ್ಲಿ ಉಟ್ಕಿಯಾಗ್ವಿಕ್ ಅನ್ನುವ ಊರಿದೆ. 2016ರವರೆಗೂ ನಕ್ಷೆಯಲ್ಲಿ ಬ್ಯಾರೋ ಅಂತಿತ್ತು, ಜನ ಮತ ಹಾಕಿ ತಮ್ಮ ಹಳೆಯ ಹೆಸರನ್ನು ವಾಪಸ್ ತಂದರು. ಅಲ್ಲಿನ ಇನುಪಿಯಾತ್ ಜನ ಬೋಹೆಡ್ ತಿಮಿಂಗಿಲದ ಬೇಟೆಯಿಂದ ಬದುಕುವವರು. 1977ರಲ್ಲಿ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ ಆ ಬೇಟೆಯನ್ನೇ ನಿಲ್ಲಿಸಲು ಹೊರಟಿತು, ತಿಮಿಂಗಿಲ ತೀರಾ ಕಮ್ಮಿ ಉಳಿದಿವೆ ಅಂತ. ಬೇಟೆಗಾರರು ಹೇಳಿದರು: ನೀವು ದಡದ ಹತ್ತಿರದ ತೆರೆದ ನೀರಲ್ಲಿ ಕಂಡದ್ದನ್ನು ಮಾತ್ರ ಎಣಿಸಿದ್ದೀರಿ, ಹಿಮದ ಕೆಳಗೆ ಹೋಗುವವು ನಿಮಗೆ ಕಾಣಲ್ಲ, ದೂರದಲ್ಲಿ ಹೋಗುವವೂ ಕಾಣಲ್ಲ. ತಮ್ಮದೇ ಸಂಘ ಕಟ್ಟಿಕೊಂಡು ಹೋರಾಡಿದರು. ಆಮೇಲೆ ನೀರಿನೊಳಗೆ ಮೈಕ್ ಇಳಿಸಿ ತಿಮಿಂಗಿಲದ ಸದ್ದು ಕೇಳಿ ಎಣಿಸಿದಾಗ ಬೇಟೆಗಾರರ ಮಾತು ನಿಜ ಅಂತ ಗೊತ್ತಾಯಿತು. ಸಂಖ್ಯೆಯೂ ಏರುತ್ತಾ ಬಂದು, 2001ರ ಎಣಿಕೆಯಲ್ಲಿ 10,000 ದಾಟಿತ್ತು. ಇವತ್ತು ಅಲ್ಲಿ ಬೇಟೆಗಾರರೂ ವಿಜ್ಞಾನಿಗಳೂ ಜೊತೆಯಲ್ಲಿ ಕೆಲಸ ಮಾಡುತ್ತಾರೆ.

ಅಲ್ಲಿಗೆ ಹೋಗುವ ಶಿಕ್ಷಕರು ಮೊದಲು ಆ ಊರಿನ ಶಾಲೆಗೆ ಹೋಗಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅವರ ನೆಲದ ಮೇಲೆ ಏನು ಅಳೆಯುತ್ತಿದ್ದೇವೆ ಅಂತ ಅವರ ಮಕ್ಕಳಿಗೆ ಮೊದಲು ಗೊತ್ತಾಗಬೇಕು. ಅಜ್ಜಂದಿರು ಹೆಪ್ಪುಗಟ್ಟಿದ ನೆಲದಲ್ಲಿ ತೋಡಿದ ನೆಲಮಾಳಿಗೆಗಳಲ್ಲಿ ಮಾಂಸ ಕೆಡದೆ ಇರುತ್ತಿತ್ತು, ಈಗ ಕೆಲವಕ್ಕೆ ನೀರು ನುಗ್ಗುತ್ತಿದೆ. ಪರ್ಮಾಫ್ರಾಸ್ಟ್ ಕರಗುವುದು ಅಂದರೆ ಆ ಮನೆಯವರಿಗೆ ಊಟದ ವಿಷಯ. ಅವರ ಫೋಟೊ, ಅವರ ಕಥೆ ನಿಮ್ಮ ತರಗತಿಗೆ ತರುವುದಿದ್ದರೆ ಕೇಳಿ ತರಬೇಕು. ಮುಗಿದ ಮೇಲೆ ಫಲಿತಾಂಶವನ್ನು ಅವರಿಗೆ ಅರ್ಥವಾಗುವ ಹಾಗೆ ವಾಪಸ್ ಒಪ್ಪಿಸಬೇಕು.

ಪ್ರಶ್ನೆ: ಹಿಮ ಕರಗುವ ಪಾಠ ಕೇಳಿ ಬಂದ ಮಗಳು ರಾತ್ರಿ ಅಳುತ್ತಾಳೆ, "ಎಲ್ಲ ಮುಳುಗಿಹೋಗುತ್ತಾ ಅಮ್ಮಾ" ಅಂತ. ಏನು ಹೇಳಲಿ?
— ಒಬ್ಬ ತಾಯಿ

ಸುಳ್ಳು ಸಮಾಧಾನ ಹೇಳಬೇಡಿ ಅಮ್ಮಾ, ಅವಳಿಗೆ ಗೊತ್ತಾಗಿಬಿಡುತ್ತದೆ. ಅಂಟಾರ್ಕ್ಟಿಕಾದ ಹಿಮ ಪೂರ್ತಿ ಕರಗಿದರೆ ಸಮುದ್ರ 58 ಮೀಟರಿನಷ್ಟು ಏರುತ್ತದೆ ಅಂತ ಪಾಠದಲ್ಲಿ ಹೇಳಿರಬಹುದು. ಅಷ್ಟು ಕರಗಲು ಸಾವಿರಾರು ವರ್ಷ ಬೇಕು ಅನ್ನುವುದನ್ನೂ ಅದೇ ಉಸಿರಿನಲ್ಲಿ ಹೇಳಬೇಕಿತ್ತು. ಈ ಶತಮಾನದಲ್ಲಿ ಆಗುವ ಏರಿಕೆ ಅದಕ್ಕಿಂತ ತುಂಬಾ ಕಮ್ಮಿ. ಆದರೂ ಕರಾವಳಿಯ ಜನಕ್ಕೆ ಅದು ದೊಡ್ಡ ಕಷ್ಟವೇ, ಎಷ್ಟು ಏರುತ್ತೆ ಅನ್ನುವುದು ಮನುಷ್ಯರು ಈಗ ಏನು ಮಾಡುತ್ತಾರೆ ಅನ್ನುವುದರ ಮೇಲೂ ನಿಂತಿದೆ.

ಆಮೇಲೆ ಅವಳಿಗೆ ಓಝೋನ್ ಕಥೆ ಹೇಳಿ. ಅಂಟಾರ್ಕ್ಟಿಕಾದ ಹ್ಯಾಲಿ ಅನ್ನುವ ಕೇಂದ್ರದಲ್ಲಿ ಬ್ರಿಟಿಷ್ ಸಂಶೋಧಕರು 1950ರ ದಶಕದಿಂದ ವರ್ಷ ವರ್ಷವೂ ಆಕಾಶದ ಓಝೋನ್, ಅಂದರೆ ಬಿಸಿಲಿನ ಹಾನಿಕಾರಕ ಕಿರಣಗಳನ್ನು ತಡೆಯುವ ಅನಿಲ, ಎಷ್ಟಿದೆ ಅಂತ ಅಳೆಯುತ್ತಿದ್ದರು. ಬೇಸರದ ಕೆಲಸ, ಆದರೂ ಬಿಡಲಿಲ್ಲ. 1985ರಲ್ಲಿ ಫಾರ್ಮನ್, ಗಾರ್ಡಿನರ್, ಶಾಂಕ್ಲಿನ್ ಅನ್ನುವ ಮೂವರು, ಅಲ್ಲಿ ಪ್ರತಿ ವಸಂತದಲ್ಲೂ ಓಝೋನ್ ವಿಪರೀತ ಇಳಿಯುತ್ತಿದೆ ಅಂತ ಪ್ರಕಟಿಸಿದರು. ಎರಡೇ ವರ್ಷದಲ್ಲಿ, 1987ರಲ್ಲಿ, ಮಾಂಟ್ರಿಯಲ್ ಒಪ್ಪಂದ ಆಯಿತು. ಓಝೋನ್ ನಾಶ ಮಾಡುತ್ತಿದ್ದ, ಫ್ರಿಜ್, ಸ್ಪ್ರೇಗಳಲ್ಲಿ ಇದ್ದ ಹಾಳು ರಾಸಾಯನಿಕಗಳನ್ನು ಜಗತ್ತಿನ ಎಲ್ಲ ದೇಶಗಳೂ ಒಪ್ಪಿ ನಿಲ್ಲಿಸುತ್ತಾ ಬಂದವು. ಈಗ ಓಝೋನ್ ಪದರದ ಆ ತೂತು ನಿಧಾನವಾಗಿ ಮುಚ್ಚಿಕೊಳ್ಳುತ್ತಿದೆ, ಅಂಟಾರ್ಕ್ಟಿಕಾದ ಮೇಲೆ 2066ರ ಹೊತ್ತಿಗೆ 1980ರ ಮಟ್ಟಕ್ಕೆ ಬರುತ್ತದೆ ಅನ್ನುವ ಅಂದಾಜಿದೆ. 2066ರಿಂದ ಅವಳು ಹುಟ್ಟಿದ ವರ್ಷ ಕಳೆದು, ಆಗ ಅವಳಿಗೆ ಎಷ್ಟು ವಯಸ್ಸು ಅಂತ ಅವಳ ಕೈಯಲ್ಲೇ ಲೆಕ್ಕ ಹಾಕಿಸಿ. ಆಮೇಲೆ ಪಕ್ಕದಲ್ಲಿ ಮಲಗಿಕೊಳ್ಳಿ.

ಪ್ರಶ್ನೆ: ನಾನು ದೊಡ್ಡವಳಾದ ಮೇಲೆ ಅಂಟಾರ್ಕ್ಟಿಕಾಗೆ ಹೋಗಬೇಕು. ಹುಡುಗಿಯರನ್ನು ಕರೆದುಕೊಂಡು ಹೋಗುತ್ತಾರಾ? ಈಗಿಂದ ಏನು ಮಾಡಲಿ?
— ಹತ್ತನೇ ತರಗತಿ ವಿದ್ಯಾರ್ಥಿನಿ

ಕರೆದುಕೊಂಡು ಹೋಗುತ್ತಾರೆ ಕಣಮ್ಮಾ. ಒಂದು ಕಾಲದಲ್ಲಿ ಹೋಗುತ್ತಿರಲಿಲ್ಲ. 1969ರ ನವೆಂಬರ್‌ನಲ್ಲಿ ಮೊದಲ ಸಲ ಆರು ಜನ ಹೆಂಗಸರು ವಿಮಾನದಲ್ಲಿ ದಕ್ಷಿಣ ಧ್ರುವ ತಲುಪಿದರು. ಅವರಲ್ಲಿ ಭೂವಿಜ್ಞಾನಿ ಲೋಯಿಸ್ ಜೋನ್ಸ್ ಮತ್ತು ಅವರ ತಂಡದವರು ಇದ್ದರು. ಯಾರು ಮೊದಲು ಇಳಿದರು ಅನ್ನುವ ಮಾತು ಬರಬಾರದು ಅಂತ ಆರೂ ಜನ ತೋಳಿಗೆ ತೋಳು ಕೊಂಡಿ ಹಾಕಿಕೊಂಡು ಒಟ್ಟಿಗೆ ಹಿಮದ ಮೇಲೆ ಕಾಲಿಟ್ಟರು. ಈಗ ಅಲ್ಲಿನ ಕೇಂದ್ರಗಳಲ್ಲಿ ವಿಜ್ಞಾನಿಗಳ ಜೊತೆ ಡಾಕ್ಟರ್, ಎಲೆಕ್ಟ್ರಿಷಿಯನ್, ಅಡುಗೆಯವರು, ಮೆಕ್ಯಾನಿಕ್ ಎಲ್ಲರೂ ಬೇಕು. ಭಾರತಕ್ಕೂ ಅಲ್ಲಿ ಮೈತ್ರಿ, ಭಾರತಿ ಅಂತ ಎರಡು ಕೇಂದ್ರಗಳಿವೆ.

ಇವತ್ತೇ ಒಂದು ನೋಟ್‌ಬುಕ್, ಒಂದು ಥರ್ಮಾಮೀಟರ್ ತಗೊ. ನೆರಳಿರುವ ಒಂದು ಜಾಗ ಆರಿಸು, ಜಾಗ ಬದಲಾಯಿಸಬೇಡ. ದಿನಾ ಒಂದೇ ಹೊತ್ತಿಗೆ ಉಷ್ಣತೆ, ಮೋಡ, ಗಾಳಿ ಬರೆದಿಡು. ಮರೆತ ದಿನ "ಮರೆತೆ" ಅಂತಲೇ ಬರೆ, ಅಂದಾಜಿನ ಅಂಕಿ ಹಾಕಬೇಡ. ಮೂರು ತಿಂಗಳು ಆದ ಮೇಲೆ ಅದರ ಗ್ರಾಫ್ ಎಳೆದು ಈ ಅಂಕಣಕ್ಕೆ ಕಳಿಸು, ನಾನು ಕೂತು ಪೂರ್ತಿ ಓದ್ತೀನಿ.